ನೆರಳಿಗೆ ಮಾತು ಕೊಟ್ಟವರು

(ಶಾಲಾ ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ ಚಲನಚಿತ್ರ ಪ್ರದರ್ಶನಕ್ಕೆ ಮುನ್ನ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಬರಹರೂಪ)



ವರ್ಕಾಡಿಯ ಈ ನಮ್ಮ ಶಾಲೆ ಆರಂಭವಾದದ್ದು 1926ರಲ್ಲಿ. ಅದೇ ವರ್ಷದ ಮೇ 2ರಂದು ಜರ್ಮನಿಯ ಬರ್ಲಿನ್ ನಗರದ ಫೋಕ್ಸ್‌ಬ್ಯೂನೆ ಎಂಬ ರಂಗಮಂದಿರದಲ್ಲಿ ಒಂದು ಮೂಕಿ ಚಿತ್ರದ ಮೊದಲ ಪ್ರದರ್ಶನ ನಡೆಯಿತು. ಅದರ ಹೆಸರು ‘ರಾಜಕುಮಾರ ಅಹ್ಮದನ ಸಾಹಸಗಳು’. ಅದನ್ನು ರೂಪಿಸಿದವರು ಲೋಟೆ ರೈನಿಗರ್ ಎಂಬ ಮಹಿಳೆ. ಅಂದು ಅವರಿಗೆ ಇಪ್ಪತ್ತೇಳು ತುಂಬಿರಲಿಲ್ಲ. ನಮ್ಮ ಶಾಲೆಗೂ ಆ ಚಿತ್ರಕ್ಕೂ ಒಂದೇ ಪ್ರಾಯ. ಇಂದು ಸಂಜೆ ಈ ಅಂಗಳದಲ್ಲಿ ನಾವು ನೋಡಲಿರುವುದು ಆ ಚಿತ್ರವನ್ನು.

ಶತಮಾನೋತ್ಸವದಲ್ಲಿ ಜರ್ಮನಿಯ ಚಿತ್ರವೇಕೆ ಎಂದು ಸ್ವಾಗತ ಸಮಿತಿಯ ಹಿರಿಯರು ಕೇಳಿದ್ದರು. ಕೇಳಬೇಕಾದ ಪ್ರಶ್ನೆಯೇ ಅದು. ನಾಳೆ ರಾತ್ರಿ ಯಕ್ಷಗಾನ ಇದ್ದೇ ಇದೆ. ಆದರೆ ಕನ್ನಡ ಮಾಧ್ಯಮದ ಒಂದು ಶಾಲೆ ಈ ಗಡಿನಾಡಿನಲ್ಲಿ ಇನ್ನೂ ಯಾಕೆ ಇರಬೇಕು ಎಂಬ ಪ್ರಶ್ನೆಯನ್ನು ನಾವು ದಿನವೂ ಎದುರಿಸುತ್ತಿದ್ದೇವೆ. ಅದಕ್ಕೆ ಉತ್ತರ ಹುಡುಕುವಾಗ ಈ ಚಿತ್ರದ ಕಥೆ, ಅಂದರೆ ಅದರ ಒಳಗಿನ ಕಥೆಗಿಂತಲೂ ಅದು ಹುಟ್ಟಿ ಉಳಿದು ಬಂದ ಕಥೆ, ನನಗೆ ಸಹಾಯಕ್ಕೆ ಬಂತು. ಅದನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ಚಿತ್ರದ ವಿಷಯ. ಇದರಲ್ಲಿ ನಟರಿಲ್ಲ. ಇರುವುದು ಕಪ್ಪು ರಟ್ಟನ್ನೂ ತೆಳ್ಳನೆಯ ಸೀಸದ ತಗಡನ್ನೂ ಕತ್ತರಿಸಿ ಮಾಡಿದ ಗೊಂಬೆಗಳು. ಕತ್ತು, ಭುಜ, ಮೊಣಕೈ, ಮಣಿಕಟ್ಟು, ಮೊಣಕಾಲು ಹೀಗೆ ಒಂದೊಂದು ಅಂಗವನ್ನೂ ಬೇರೆ ಬೇರೆಯಾಗಿ ಕತ್ತರಿಸಿ ಸಣ್ಣ ತಂತಿಯ ಕೀಲುಗಳಿಂದ ಜೋಡಿಸಿದ್ದಾರೆ. ಗಾಜಿನ ಮೇಜಿನ ಮೇಲೆ ಗೊಂಬೆಯನ್ನು ಮಲಗಿಸಿ, ಕೆಳಗಿನಿಂದ ಬೆಳಕು ಹಾಯಿಸಿ, ಮೇಲೆ ತೂಗುಹಾಕಿದ ಕ್ಯಾಮರಾದಿಂದ ಒಂದು ಚಿತ್ರ ತೆಗೆಯುವುದು. ಗೊಂಬೆಯ ಕೈಯನ್ನು ಎಳ್ಳಿನಷ್ಟು ಸರಿಸುವುದು. ಮತ್ತೊಂದು ಚಿತ್ರ ತೆಗೆಯುವುದು. ಕುದುರೆ ಒಮ್ಮೆ ಕತ್ತು ಕೊಂಕಿಸಬೇಕಾದರೂ ಇಂಥ ಹತ್ತಾರು ಚಿತ್ರಗಳು ಬೇಕು. ಒಂದು ಗಂಟೆಗಿಂತ ತುಸು ಹೆಚ್ಚು ಹೊತ್ತಿನ ಈ ಚಿತ್ರಕ್ಕೆ 1923ರಿಂದ 1926ರವರೆಗೆ ಮೂರು ವರ್ಷಗಳು ಹಿಡಿದವು. ಪತಿ ಕಾರ್ಲ್ ಕೋಖ್, ಕಲಾವಿದರಾದ ವಾಲ್ಟರ್ ರುಟ್ಮನ್, ಬೆರ್ಟೋಲ್ಡ್ ಬಾರ್ಟೋಶ್ ಮೊದಲಾದ ಕೆಲವೇ ಮಂದಿ ಜತೆಗಿದ್ದರು. ವೋಲ್ಫ್‌ಗಾಂಗ್ ಟ್ಸೆಲರ್ ಸಂಗೀತ ರಚಿಸಿದರು. ಡಿಸ್ನಿಯವರ ಮೊದಲ ಪೂರ್ಣಪ್ರಮಾಣದ ಆನಿಮೇಶನ್ ಚಿತ್ರ ‘ಸ್ನೋ ವೈಟ್’ ಬಂದದ್ದು 1937ರಲ್ಲಿ. ಅದಕ್ಕಿಂತ ಹನ್ನೊಂದು ವರ್ಷ ಮೊದಲಿನದು ಇದು. ಇದಕ್ಕೂ ಹಿಂದೆ ಅರ್ಜೆಂಟೀನಾದಲ್ಲಿ ಇಂಥ ದೀರ್ಘ ಚಿತ್ರ ಬಂದಿತ್ತಾದರೂ ಅದು ನಷ್ಟವಾಗಿದೆ. ಹಾಗಾಗಿ ಇಂದು ಉಳಿದಿರುವ ಪೂರ್ಣಪ್ರಮಾಣದ ಆನಿಮೇಶನ್ ಚಿತ್ರಗಳಲ್ಲಿ ಅತ್ಯಂತ ಹಳೆಯದು ಅಹ್ಮದನದೇ.

ಇದು ತಯಾರಾದದ್ದು ದೊಡ್ಡ ಸ್ಟುಡಿಯೋದಲ್ಲಿ ಅಲ್ಲ. 1923ರಲ್ಲಿ ಜರ್ಮನಿಯ ಹಣಕ್ಕೆ ಬೆಲೆಯೇ ಇಲ್ಲದಂತಾಗಿತ್ತು. ಲೂಯಿ ಹಾಗೆನ್ ಎಂಬ ಬ್ಯಾಂಕರು ಹಣವನ್ನು ವಸ್ತುರೂಪದಲ್ಲಿ ಉಳಿಸಿಕೊಳ್ಳಲು ಕಚ್ಚಾ ಫಿಲ್ಮ್ ಸುರುಳಿಗಳನ್ನು ಕೊಂಡಿದ್ದರು. ಅವನ್ನು ರೈನಿಗರ್ ಅವರ ಕೈಗಿತ್ತು, ಪೋಟ್ಸ್‌ಡಾಮ್‌ನ ತಮ್ಮ ಮನೆಯ ಕಾರು ಶೆಡ್ಡಿನ ಮೇಲಿನ ಅಟ್ಟವನ್ನೇ ಕೆಲಸಕ್ಕೆ ಬಿಟ್ಟುಕೊಟ್ಟರು. ಊರಿನ ಹತ್ತು ಜನ ಸೇರಿ, ಒಬ್ಬರು ಜಾಗ, ಒಬ್ಬರು ಮರ, ಒಬ್ಬರು ಹಂಚು ಎಂದು ಕೊಟ್ಟು ಕಟ್ಟಿದ ಶಾಲೆಗಳು ನಮ್ಮ ಸೀಮೆಯಲ್ಲಿ ಎಷ್ಟಿಲ್ಲ! ಇದ್ದವರು ಇದ್ದುದನ್ನು ಕೊಟ್ಟರೆ ದೊಡ್ಡ ಕೆಲಸವಾಗುತ್ತದೆ ಎಂಬುದು ನಮಗೆ ಹೊಸ ಪಾಠವಲ್ಲ.

ಇನ್ನು ಕಥೆ. ಖಲೀಫನ ಹುಟ್ಟುಹಬ್ಬದ ದಿನ ಆಫ್ರಿಕಾದ ಒಬ್ಬ ಮಾಂತ್ರಿಕ ಹಾರುವ ಕುದುರೆಯೊಂದನ್ನು ತರುತ್ತಾನೆ. ಪ್ರತಿಫಲವಾಗಿ ರಾಜಕುಮಾರಿ ದಿನಾರ್ಜಾದೆಯನ್ನೇ ಕೇಳುತ್ತಾನೆ. ಅಡ್ಡಬಂದ ಅವಳ ಅಣ್ಣ ಅಹ್ಮದನನ್ನು ಕುದುರೆಯ ಮೇಲೆ ಕುಳ್ಳಿರಿಸಿ ಆಕಾಶಕ್ಕೆ ಕಳುಹಿಸಿಬಿಡುತ್ತಾನೆ. ಕುದುರೆಯನ್ನು ಏರಿಸುವ ಉಪಾಯ ಅಹ್ಮದನಿಗೆ ಗೊತ್ತು, ಇಳಿಸುವ ಉಪಾಯ ಗೊತ್ತಿಲ್ಲ! ಅಲ್ಲಿಂದ ಮುಂದೆ ವಾಕ್‌ವಾಕ್ ಎಂಬ ದ್ವೀಪ, ಗರಿಯ ಉಡುಪು ತೊಟ್ಟು ಹಾರುವ ಪರಿಬಾನು, ಚೀನಾದ ಚಕ್ರವರ್ತಿ, ಬೆಂಕಿ ಪರ್ವತದ ಮಾಟಗಾತಿ, ಅಲ್ಲಾವುದ್ದೀನನ ದೀಪ. ಮಾಂತ್ರಿಕನೂ ಮಾಟಗಾತಿಯೂ ಕ್ಷಣಕ್ಕೊಂದು ಪ್ರಾಣಿಯ ರೂಪ ತಾಳಿ ಕಾದಾಡುವ ಭಾಗವನ್ನು ಮಕ್ಕಳು ಎಚ್ಚರದಿಂದ ನೋಡಬೇಕು. ನಮ್ಮ ಆಟಗಳ ಮಾಯಾಯುದ್ಧವನ್ನು ಕಂಡವರಿಗೆ ಅದು ಅಪರಿಚಿತವೆನಿಸದು.

ಈ ಕಥೆಗಳು ಬರ್ಲಿನ್‌ಗೆ ಬಂದ ದಾರಿಯನ್ನು ಗಮನಿಸಿ. ಅಹ್ಮದ ಮತ್ತು ಪರಿಬಾನುವಿನ ಕಥೆ, ಅಲ್ಲಾವುದ್ದೀನನ ಕಥೆ ಎರಡನ್ನೂ ನಾವು ‘ಅರೇಬಿಯನ್ ನೈಟ್ಸ್’ನ ಕಥೆಗಳೆಂದು ಓದುತ್ತೇವೆ. ಆದರೆ ಇವನ್ನು 1709ರಲ್ಲಿ ಪ್ಯಾರಿಸ್‌ನಲ್ಲಿ ಬಾಯಿಮಾತಾಗಿ ಹೇಳಿದವನು ಸಿರಿಯಾದ ಅಲೆಪ್ಪೋ ನಗರದ ಹನ್ನಾ ದಿಯಾಬ್ ಎಂಬ ಯುವಕ. ಕೇಳಿ ಟಿಪ್ಪಣಿ ಮಾಡಿಕೊಂಡು ಫ್ರೆಂಚಿನಲ್ಲಿ ಬರೆದವನು ಆಂಟ್ವಾನ್ ಗ್ಯಾಲಂಡ್. ಇವುಗಳ ಗ್ಯಾಲಂಡನಿಗಿಂತ ಹಿಂದಿನ ಅರಬಿ ಹಸ್ತಪ್ರತಿ ಇದುವರೆಗೆ ದೊರೆತಿಲ್ಲ. ಅಂದರೆ ಅರಬಿ ನಾಡಿನವನೊಬ್ಬ ಹೇಳಿದ ಕಥೆ ಉಳಿದದ್ದು ಫ್ರೆಂಚಿನವನ ಕಾಗದದಲ್ಲಿ. ಅದು ಪರದೆಯ ಮೇಲೆ ನೆರಳಾಗಿ ಕುಣಿದದ್ದು ಜರ್ಮನ್ ಮಹಿಳೆಯ ಕತ್ತರಿಯಿಂದ.

ಚಿತ್ರ ಉಳಿದ ಬಗೆಯೂ ಹಾಗೆಯೇ. ಹಿಟ್ಲರನ ಕಾಲದಲ್ಲಿ ರೈನಿಗರ್ ದಂಪತಿಗಳು ಜರ್ಮನಿಯನ್ನು ಬಿಟ್ಟು ದೇಶದಿಂದ ದೇಶಕ್ಕೆ ಅಲೆಯಬೇಕಾಯಿತು. ಯುದ್ಧದ ನಡುವೆ ಕಾಯಿಲೆಯ ತಾಯಿಯನ್ನು ನೋಡಿಕೊಳ್ಳಲು ಬರ್ಲಿನ್‌ಗೆ ಮರಳಿದ ಅವರು ಯುದ್ಧಾನಂತರ ಲಂಡನ್ನಿನಲ್ಲಿ ನೆಲೆಸಿದರು. ಚಿತ್ರದ ಮೂಲ ಜರ್ಮನ್ ಪ್ರತಿಗಳು ಉಳಿಯಲಿಲ್ಲ. ಹೊರಗೆ ಉಳಿದಿದ್ದ ಹಳೆಯ ಪ್ರತಿಯನ್ನು ಆಧಾರವಾಗಿಟ್ಟುಕೊಂಡು 1998-99ರಲ್ಲಿ ಜರ್ಮನ್ ಮತ್ತು ಬ್ರಿಟಿಷ್ ತಜ್ಞರು ಅದನ್ನು ಪುನರುದ್ಧರಿಸಿದರು. ಕಾಲಾಂತರದಲ್ಲಿ ಬರಿಯ ಕಪ್ಪು-ಬಿಳುಪಾಗಿದ್ದ ದೃಶ್ಯಗಳಿಗೆ ಮೊದಲಿದ್ದ ಬಣ್ಣದ ಛಾಯೆಗಳನ್ನು ಮರಳಿ ಕೊಟ್ಟರು. ತಾನು ಹುಟ್ಟಿದ ಊರಿನಲ್ಲಿ ಇಲ್ಲವಾದದ್ದು ಬೇರೆಯವರ ಪೆಟ್ಟಿಗೆಯಲ್ಲಿ ಜೀವ ಹಿಡಿದುಕೊಂಡಿತ್ತು.

ಇಷ್ಟು ಹೇಳಿದ ಮೇಲೆ ನಮ್ಮ ನೆರಳಾಟಗಳನ್ನು ನೆನೆಯದಿರುವುದು ಹೇಗೆ? ರೈನಿಗರ್ ನಮ್ಮಿಂದ ಕಲಿತರೆಂದು ಹೇಳುವ ಆತುರ ನಮಗೆ ಬೇಡ. ನೆರಳಿನ ಆಟ ಏಷ್ಯಾದ ಹಲವು ನಾಡುಗಳಲ್ಲಿ ಬೆಳೆದ ಕಲೆ. ಕರ್ನಾಟಕದ ತೊಗಲುಗೊಂಬೆ ಬಣ್ಣದ್ದು. ತೊಗಲನ್ನು ಬೆಳಕು ಹಾಯುವಷ್ಟು ಹದಮಾಡಿ ಬಣ್ಣ ಹಚ್ಚುತ್ತಾರೆ. 2025ರಲ್ಲಿ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಎಂಬ ಹಿರಿಯ ಕಲಾವಿದೆಗೆ ಪದ್ಮಶ್ರೀ ದೊರೆತದ್ದನ್ನು ನಾವೆಲ್ಲ ಓದಿದ್ದೇವೆ. ಕೇರಳದ ಪಾಲಕ್ಕಾಡು ಕಡೆಯ ತೋಲ್ಪಾವಕೂತ್ತಿನ ಗೊಂಬೆಗಳಾದರೋ ಪರದೆಯ ಮೇಲೆ ಕಪ್ಪು ನೆರಳಾಗಿ ಕಾಣುತ್ತವೆ. ಭಗವತಿಯ ದೇವಸ್ಥಾನದ ಕೂತ್ತುಮಾಡದಲ್ಲಿ, ತೆಂಗಿನ ಚಿಪ್ಪಿನಲ್ಲಿ ಉರಿಯುವ ಇಪ್ಪತ್ತೊಂದು ದೀಪಗಳ ಬೆಳಕಿನಲ್ಲಿ ನಡೆಯುವ ಆ ಆಟವನ್ನು ಕಂಡವರಿಗೆ ರೈನಿಗರ್ ಅವರ ಗೊಂಬೆಗಳು ದೂರದ ನೆಂಟರಂತೆ ತೋರುತ್ತವೆ. ನಮ್ಮ ಕಾಸರಗೋಡಿನಲ್ಲಿ ನೆರಳಿನ ಗೊಂಬೆ ಇಲ್ಲ. ಆದರೆ ಸೂತ್ರದ ಗೊಂಬೆಗೆ ತೆಂಕುತಿಟ್ಟಿನ ವೇಷ ತೊಡಿಸಿ ಕುಣಿಸುವ ಶ್ರೀ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘವಿದೆ.

ಈಗ ಒಂದು ಮಾತನ್ನು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇನೆ. ತೋಲ್ಪಾವಕೂತ್ತಿನಲ್ಲಿ ಹಾಡುವುದು ಕಂಬ ರಾಮಾಯಣವನ್ನು. ಅದು ತಮಿಳು. ಮಲಯಾಳದ ಮನೆಗಳಿಂದ ಬಂದ ಕಲಾವಿದರು ಅದನ್ನು ತಲೆಮಾರುಗಳಿಂದ ಬಾಯಿಪಾಠವಾಗಿ ಕಾಪಾಡಿದ್ದಾರೆ. ಕರ್ನಾಟಕದ ತೊಗಲುಗೊಂಬೆಯಾಟವನ್ನು ಹೊತ್ತು ತಂದ ಕಿಳ್ಳೇಕ್ಯಾತ ಸಮುದಾಯದವರ ಮನೆಮಾತು ಮರಾಠಿಯ ಒಂದು ಬಗೆ. ಅವರ ರಾಮ, ಹನುಮಂತರು ಮಾತಾಡುವುದು ಕನ್ನಡವನ್ನು. ತುಳುನಾಡಿನ ತೆಂಕುತಿಟ್ಟು ಯಕ್ಷಗಾನವನ್ನು ನೋಡಿ. ಗದ್ದೆಯ ಹುಣಿಯ ಮೇಲೆ, ಚಾಪೆಯ ಮೇಲೆ ಕುಳಿತು ಇರುಳಿಡೀ ನೋಡಿದವರ ಮನೆಮಾತು ತುಳು, ಮಲಯಾಳ, ಬ್ಯಾರಿ, ಕೊಂಕಣಿ. ಆದರೆ ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳು ಕನ್ನಡದವು. ಅಕ್ಷರ ತಿಳಿಯದವರೂ ಅವುಗಳ ಅರ್ಥ ತಿಳಿದಿದ್ದರು. ಮನೆಯಲ್ಲಿ ಕನ್ನಡ ಆಡದವರೇ ಕನ್ನಡವನ್ನು ಇಲ್ಲಿ ಉಳಿಸಿದರು ಎಂದರೆ ತಪ್ಪಾಗದು.

ಬರೆದವರ ವಿಷಯವೂ ಇದೇ. ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಕಯ್ಯಾರ ಕಿಞ್ಞಣ್ಣ ರೈಗಳದು ತುಳು. ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಕಲಿತು ‘ಚಂದ್ರಗಿರಿಯ ತೀರದಲ್ಲಿ’ ಬರೆದ ಸಾರಾ ಅಬೂಬಕ್ಕರ್ ಅವರ ಮನೆಯ ಮಾತು ಮಲಯಾಳ. ಇವರ ಮನೆಯವರೆಲ್ಲ ‘ನಮ್ಮ ಮನೆಯಲ್ಲಿ ಕನ್ನಡವಿಲ್ಲ, ಶಾಲೆಯಲ್ಲಿ ಏಕೆ?’ ಎಂದು ಕೇಳಿದ್ದರೆ ಕನ್ನಡ ಸಾಹಿತ್ಯ ಎಷ್ಟು ಬಡವಾಗುತ್ತಿತ್ತು!

ಆದರೆ ಈ ಪ್ರಶ್ನೆಯನ್ನು ಇಂದು ನನ್ನ ಎದುರಿಗೆ ಕುಳಿತಿರುವ ಹೆತ್ತವರು ಕೇಳುತ್ತಾರೆ. ಪ್ರವೇಶೋತ್ಸವಕ್ಕೆ ಮೊದಲು, ದಾಖಲಾತಿಯ ದಿನಗಳಲ್ಲಿ ಕೇಳುತ್ತಾರೆ. ‘ಟೀಚರೇ, ಮನೆಯಲ್ಲಿ ತುಳು. ಪಂಚಾಯತು, ಗ್ರಾಮ ಕಚೇರಿ, ಕೆಲಸದ ಪರೀಕ್ಷೆ ಎಂದರೆ ಮಲಯಾಳ. ಕಾಲೇಜಿಗೆ ಹೋದರೆ ಇಂಗ್ಲಿಷು. ಕನ್ನಡದಲ್ಲಿ ಕಲಿತು ಏನು ಮಾಡುವುದು?’ ಇದನ್ನು ಭಾಷಾಭಿಮಾನವಿಲ್ಲದವರ ಮಾತೆಂದು ತಳ್ಳಿಹಾಕುವುದು ಅನ್ಯಾಯ. ಇದು ಮಗುವಿನ ಅನ್ನದ ಪ್ರಶ್ನೆ. 1956ರ ನವೆಂಬರ್ 1ರಂದು ನಾವು ಇದ್ದಲ್ಲಿಯೇ ಇದ್ದೆವು, ರಾಜ್ಯ ಬದಲಾಯಿತು. ಅದೇ ದಿನ ಜಾರಿಗೆ ಬಂದ ಸಂವಿಧಾನದ ಏಳನೆಯ ತಿದ್ದುಪಡಿಯ ಮೂಲಕ 350ಎ ವಿಧಿಯೂ ಬಂತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣದ ಸೌಲಭ್ಯ ಒದಗಿಸಬೇಕೆಂದು ಅದು ಹೇಳುತ್ತದೆ. ಹಕ್ಕು ಕಾಗದದಲ್ಲಿದೆ. ಹಕ್ಕನ್ನು ಬಳಸುವ ಮಗು ಒಂದನೆಯ ತರಗತಿಯ ಬೆಂಚಿನಲ್ಲಿ ಇರಬೇಕಷ್ಟೆ. ಆ ಬೆಂಚು ಖಾಲಿಯಾದರೆ ಹಕ್ಕು ಬರಿಯ ಅಕ್ಷರ.

ನನ್ನ ಉತ್ತರ ಇಷ್ಟು. ಮಲಯಾಳವನ್ನೂ ಇಂಗ್ಲಿಷನ್ನೂ ನಿಮ್ಮ ಮಗುವಿಗೆ ಚೆನ್ನಾಗಿ ಕಲಿಸುವುದು ಈ ಶಾಲೆಯ ಹೊಣೆ. ಕನ್ನಡ ಕಲಿಸುತ್ತೇವೆಂಬ ಕಾರಣಕ್ಕೆ ಆ ಹೊಣೆ ಕಡಿಮೆಯಾಗುವುದಿಲ್ಲ. ಅದರಲ್ಲಿ ಕೊರತೆ ಕಂಡರೆ ನೇರವಾಗಿ ನನ್ನ ಕೋಣೆಗೆ ಬಂದು ಕೇಳಿ. ಆದರೆ ಕನ್ನಡ ಈ ಊರಿನಲ್ಲಿ ಮಾಡುತ್ತಿರುವ ಕೆಲಸವನ್ನು ಬೇರೆ ಯಾವ ಭಾಷೆಯೂ ಮಾಡುತ್ತಿಲ್ಲ. ನಮ್ಮ ಒಂದನೆಯ ತರಗತಿಯಲ್ಲಿ ತುಳುವಿನಲ್ಲಿ ಅಳುವ ಮಗುವಿದೆ, ಬ್ಯಾರಿಯಲ್ಲಿ ಜಗಳವಾಡುವ ಮಗುವಿದೆ, ಮಲಯಾಳದಲ್ಲಿ ಅಮ್ಮನನ್ನು ಕರೆಯುವ ಮಗುವಿದೆ, ಕೊಂಕಣಿ, ಮರಾಠಿ, ಹವ್ಯಕ ಕನ್ನಡದ ಮಕ್ಕಳಿದ್ದಾರೆ. ಇವರೆಲ್ಲ ಒಂದೇ ಸಾಲಿನಲ್ಲಿ ಕುಳಿತು ಒಂದೇ ಪಾಠ ಓದುವುದು ಕನ್ನಡದಲ್ಲಿ. ಒಬ್ಬರ ಮನೆಯ ಅಂಗಳವಾಗಿರದೆ ಎಲ್ಲರಿಗೂ ಸೇರಿದ ಬಯಲಿನಂತೆ ಅದು ಇದೆ. ಅಜ್ಜ ಬರೆದಿಟ್ಟ ಲೆಕ್ಕದ ಪುಸ್ತಕ, ಹಳೆಯ ಜಾಗದ ಪತ್ರ, ಪ್ರಸಂಗದ ಪುಸ್ತಕ, ಮದರಾಸು ಪ್ರಾಂತ್ಯದ ಕಾಲದ ದಾಖಲೆ ಇವೆಲ್ಲ ಇಲ್ಲಿನ ಅನೇಕ ಮನೆಗಳಲ್ಲಿ ಕನ್ನಡದಲ್ಲಿಯೇ ಇವೆ. ಮೊಮ್ಮಗನಿಗೆ ಲಿಪಿ ಬಾರದಿದ್ದರೆ ಆ ಪೆಟ್ಟಿಗೆ ತೆರೆದಿದ್ದೂ ಮುಚ್ಚಿದಂತೆಯೇ.

ಒಂದು ಭಾಷೆ ಇನ್ನೊಂದನ್ನು ಹೊರದೂಡಬೇಕಾಗಿಲ್ಲ. ಕೇರಳ ಶಾಲಾ ಕಲೋತ್ಸವದಲ್ಲಿ ಯಕ್ಷಗಾನ ಒಂದು ಸ್ಪರ್ಧೆಯಾಗಿದೆ. ಕನ್ನಡದ ಗಂಧವಿಲ್ಲದ ತೆಂಕಣ ಜಿಲ್ಲೆಗಳ ಮಲಯಾಳ ಮಕ್ಕಳು ಕೂಡ ಗೆಜ್ಜೆ ಕಟ್ಟಿ ಕನ್ನಡದ ಪದ್ಯಕ್ಕೆ ಕುಣಿಯುತ್ತಾರೆ. ಅವರಿಗೆ ಅದು ಸಾಧ್ಯವಾದರೆ, ಪ್ರಸಂಗ ಹುಟ್ಟಿದ ಮಣ್ಣಿನಲ್ಲಿರುವ ನಮ್ಮ ಮಕ್ಕಳಿಗೆ ಕನ್ನಡ ಭಾರವಾಗುವುದೆಂದು ನಾವು ಮೊದಲೇ ತೀರ್ಮಾನಿಸುವುದು ಸರಿಯಲ್ಲ.

ಶಿಕ್ಷಕರಿಗೆ ಒಂದು ಮಾತು. ಈ ಚಿತ್ರವನ್ನು ಬರಿಯ ಮೆಚ್ಚುಗೆಯಿಂದ ನೋಡಬಾರದು. ನೆರಳಿಗೆ ಮೈಬಣ್ಣವಿಲ್ಲ, ಇಲ್ಲಿ ಎಲ್ಲರೂ ಕಪ್ಪೇ. ಹಾಗಿದ್ದೂ ಮಾಂತ್ರಿಕನನ್ನು ಆಫ್ರಿಕಾದವನೆಂದು ಕರೆದು ಅವನ ಮುಖದ ಗೆರೆಯನ್ನು ವಿಕಾರಗೊಳಿಸಲಾಗಿದೆ. ಚೀನಾದ ಚಕ್ರವರ್ತಿಯೂ ನಗೆಪಾಟಲಿನ ರೂಪದಲ್ಲಿದ್ದಾನೆ. ಅಂದಿನ ಯುರೋಪು ಪರರನ್ನು ಕಂಡ ರೀತಿ ಆ ಗೆರೆಗಳಲ್ಲಿ ಉಳಿದುಕೊಂಡಿದೆ. ಸ್ನಾನಕ್ಕಿಳಿದವಳ ಉಡುಪನ್ನು ನಾಯಕನೇ ಅಡಗಿಸಿಡುವುದು ಸರಿಯೇ ಎಂದು ನಾಳೆ ತರಗತಿಯಲ್ಲಿ ಹೆಣ್ಣುಮಕ್ಕಳೂ ಗಂಡುಮಕ್ಕಳೂ ಚರ್ಚಿಸಲಿ. ಕಲೆಯನ್ನು ಗೌರವಿಸುವುದಕ್ಕೂ ಅದನ್ನು ಪ್ರಶ್ನಿಸುವುದಕ್ಕೂ ವಿರೋಧವಿಲ್ಲವೆಂಬುದನ್ನು ಮಕ್ಕಳು ತಮ್ಮ ಭಾಷೆಯಲ್ಲಿ ಕಲಿಯಬೇಕು. ಹತ್ತು ರೂಪಾಯಿಯ ಕಪ್ಪು ಕಾಗದ, ಒಂದು ಕತ್ತರಿ, ಒಂದು ಬಿಳಿ ಪಂಚೆ, ಒಂದು ದೀಪ ಇದ್ದರೆ ನೆರಳಾಟವನ್ನು ಯಾವ ತರಗತಿಯಲ್ಲಿಯೂ ಆಡಿಸಬಹುದು. ನಮ್ಮ ಕೆಳತರಗತಿಯ ಟೀಚರುಗಳು ಈಗಾಗಲೇ ಆರಂಭಿಸಿದ್ದಾರೆ.

ಹಳೆವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಅಹ್ಮದನ ಚಿತ್ರ ಉಳಿದದ್ದು ಎಲ್ಲಿಯೋ ಒಬ್ಬರು ಸುರುಳಿಯನ್ನು ಎಸೆಯದೆ ಇಟ್ಟುಕೊಂಡದ್ದರಿಂದ. ನಿಮ್ಮ ಮನೆಯ ಅಟ್ಟದಲ್ಲಿ ಈ ಶಾಲೆಯ ಹಳೆಯ ಭಾವಚಿತ್ರ, ಪಾಠಪುಸ್ತಕ, ಕೈಬರಹದ ಪತ್ರಿಕೆ, ಪ್ರಗತಿಪತ್ರ, ಪ್ರಸಂಗದ ಕೈಬರಹ ಇದ್ದರೆ ತಂದು ತೋರಿಸಿ. ಪ್ರತಿ ಮಾಡಿಕೊಂಡು ನಿಮ್ಮ ಕೈಗೇ ಹಿಂದಿರುಗಿಸುತ್ತೇವೆ. ಮಂಗಳೂರು, ಬೆಂಗಳೂರು, ಮುಂಬೈ, ಕೊಲ್ಲಿ ನಾಡುಗಳಲ್ಲಿ ಇರುವವರು ನಿಮ್ಮ ಮಕ್ಕಳಿಗೆ ಕನ್ನಡದ ಅಕ್ಷರಗಳನ್ನಾದರೂ ಕಲಿಸಿ. ಇಲ್ಲಿಯೇ ಇರುವವರು ಮುಂದಿನ ಪ್ರವೇಶೋತ್ಸವಕ್ಕೆ ನಿಮ್ಮ ನೆರೆಮನೆಯ ಒಂದು ಮಗುವಿನ ಕೈಹಿಡಿದು ಕರೆತನ್ನಿ. ಕಟ್ಟಡಕ್ಕೆ ನೀವು ಕೊಟ್ಟ ದೇಣಿಗೆಗೆ ನಾವು ಕೃತಜ್ಞರು. ಆದರೆ ಕಟ್ಟಡಕ್ಕಿಂತ ಹೆಚ್ಚಾಗಿ ಶಾಲೆಗೆ ಬೇಕಾದದ್ದು ಮಗು.

ಕೊನೆಯದಾಗಿ ಇಂದಿನ ಪ್ರದರ್ಶನದ ಬಗ್ಗೆ. ಮೂಕಿ ಚಿತ್ರವಾದ್ದರಿಂದ ಇದರಲ್ಲಿ ಮಾತಿಲ್ಲ. ನಡುನಡುವೆ ಬರಹಗಳು ಬರುತ್ತವೆ. ಮೂಕಿ ಚಿತ್ರಗಳ ಕಾಲದಲ್ಲಿ ನಮ್ಮ ದೇಶದಲ್ಲಿಯೂ ಅಂಥ ಬರಹಗಳನ್ನು ಊರಿನ ಭಾಷೆಯಲ್ಲಿ ಗಟ್ಟಿಯಾಗಿ ಓದಿ ಹೇಳುವವರು ಇರುತ್ತಿದ್ದರು. ಇಂದು ಆ ಕೆಲಸವನ್ನು ನಮ್ಮ ಏಳನೆಯ ತರಗತಿಯ ಆರು ಮಕ್ಕಳು ಮಾಡಲಿದ್ದಾರೆ. ಬರಹಗಳನ್ನು ಅವರೇ ಟೀಚರುಗಳ ನೆರವಿನಿಂದ ಕನ್ನಡಕ್ಕೆ ತಂದಿದ್ದಾರೆ. ಆ ಆರು ಮಕ್ಕಳ ಮನೆಮಾತು ನಾಲ್ಕು. ಯಾರದು ಯಾವುದೆಂದು ನಾನು ಹೇಳುವುದಿಲ್ಲ. ಕಿವಿಗೊಟ್ಟು ಕೇಳಿ, ನಿಮಗೆ ತಿಳಿಯುತ್ತದೆಯೇ ನೋಡೋಣ.

ಚಿತ್ರವನ್ನು ಆರಂಭಿಸಬೇಕೆಂದು ಕೋರುತ್ತೇನೆ.